ಕಲ್ಲುಚಪ್ಪರದ ಇಸಾಬೆಲ್ಲಾ

ಹೊಸಕೋಟೆಯಿಂದ ಚಿಂತಾಮಣಿಗೆ ಹೋಗುವ ರಸ್ತೆ ನಂದಗುಡಿಯನ್ನು ಹಾಯ್ದು ಹೋಗುತ್ತದೆ. ಈ ಸೀಮೆಯ ಕೆಂಪು ಹೊಲಗಳ ನಡುವೆ ಆಳೆತ್ತರದ ಕಲ್ಲುಕೂಚಗಳು ಸಾಲುಗಟ್ಟಿ ನಿಂತು, ಅವುಗಳ ನೆತ್ತಿಯ ಮೇಲೆ ತಂತಿಯ ಹೆಣಿಗೆ ಕಂಡರೆ ಅದು ದ್ರಾಕ್ಷಿ ತೋಟವೆಂದೇ ಲೆಕ್ಕ. ಚಪ್ಪರದೊಳಕ್ಕೆ ಹೊಕ್ಕವರು ತಲೆ ಬಗ್ಗಿಸಲೇಬೇಕು. ಗೊನೆಗಳು ಅಷ್ಟು ಕೆಳಕ್ಕೆ ಜೋತುಬಿದ್ದಿರುತ್ತವೆ. ಹಣ್ಣಾದ ಗೊನೆಯನ್ನು ಹಿಡಿದು ನೋಡಿದರೆ ಬೂದಿ ಸವರಿದಂಥ ನೀಲಿ. ಒಂದು ಹಣ್ಣು ಕಿತ್ತು ಹೆಬ್ಬೆರಳಿನಿಂದ ಉಜ್ಜಿದರೆ ಆ ನೀಲಿ ಅಳಿಸಿಹೋಗಿ, ಒಳಗಿಂದ ಕಪ್ಪಿಗೆ ತಿರುಗಿದ ನೇರಳೆ ಬಣ್ಣದ ಸಿಪ್ಪೆ ಮಿರಮಿರ ಮಿನುಗುತ್ತದೆ.

ನೀಲಿ ಇದ್ದದ್ದು ಸಿಪ್ಪೆಯಲ್ಲಲ್ಲ, ಸಿಪ್ಪೆಯ ಮೇಲಿನ ಮೇಣದ ಪದರದಲ್ಲಿ. ಬೆಂಗಳೂರಿನ ಅಂಗಡಿಗಳಲ್ಲಿ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾರುವ ಬ್ಲೂಬೆರಿಯನ್ನು ಉಜ್ಜಿದರೂ ಇದೇ ಆಗುತ್ತದೆ. ಬ್ಲೂಬೆರಿಯ ನೀಲಿ ಬರುವುದು ಒಳಗಿನ ಬಣ್ಣದಿಂದಲ್ಲ, ಹೊರಗಿನ ಮೇಣದ ಸೂಕ್ಷ್ಮ ರಚನೆ ನೀಲಿ ಬೆಳಕನ್ನು ಚದುರಿಸುವುದರಿಂದ ಎಂದು ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ತೋರಿಸಿಕೊಟ್ಟರು. ಬೆರಳಿಗೆ ಅಂಟುವ ಆ ಪುಡಿಯೇ ಹಣ್ಣಿಗೆ ಹೆಸರು ಕೊಟ್ಟಿದೆ.

ಹೆಬ್ಬೆರಳ ಗುರುತಿನಲ್ಲಿ ಒಂದೇ ಆಗುವ ಈ ಎರಡು ಹಣ್ಣುಗಳಿಗೆ ಇನ್ನೊಂದು ನಂಟೂ ಇದೆ. ಎರಡರ ತೌರೂ ಉತ್ತರ ಅಮೆರಿಕದ ಪೂರ್ವ ಭಾಗ. ನಂದಗುಡಿಯ ಚಪ್ಪರದ ಹಣ್ಣು ಅಲ್ಲಿಂದ ಬಂದು ಬೆಂಗಳೂರಿನ ಹೆಸರನ್ನೇ ಪಡೆದು ನೆಲೆಯಾಯಿತು. ಇನ್ನೊಂದು ಇಂದಿಗೂ ವಿಮಾನದಲ್ಲಿ ಬಂದಿಳಿಯುವ ನೆಂಟ. ಒಂದು ಏಕೆ ಬೇರುಬಿಟ್ಟಿತು, ಇನ್ನೊಂದಕ್ಕೆ ಏಕೆ ಆಗಲಿಲ್ಲ ಎಂಬುದರಲ್ಲಿ ಈ ನೆಲದ ಒಂದು ಚರಿತ್ರೆಯೇ ಅಡಗಿದೆ.

ಅಮೆರಿಕದಿಂದ ಏನೂ ಬರುವ ಮುಂಚೆ ಇಲ್ಲಿ ನೇರಳೆ ಇತ್ತು. ಕನ್ನಡದಲ್ಲಿ ನೇರಳೆ ಮೊದಲು ಮರ, ಆಮೇಲೆ ಬಣ್ಣ. ಜೂನ್ ಮಳೆ ಹಿಡಿಯುವ ಹೊತ್ತಿಗೆ ಮರದಡಿ ಉದುರಿ, ಉಪ್ಪು ಸವರಿಸಿಕೊಂಡು, ನಾಲಿಗೆಯನ್ನು ಒಗರು ಮಾಡಿ ಬಣ್ಣ ಹಚ್ಚಿಬಿಡುವ ಹಣ್ಣು. ನೋಟಕ್ಕೆ ಬ್ಲೂಬೆರಿಯ ದೊಡ್ಡಣ್ಣನಂತಿದ್ದರೂ ಕುಲ ಬೇರೆ. ನೇರಳೆ ಲವಂಗದ ಹತ್ತಿರದ ಸಂಬಂಧಿ. ಒಳಗೆ ಒಂದೇ ಗಟ್ಟಿ ಬೀಜ. ದ್ರಾಕ್ಷಿಯಲ್ಲಿ ಬೀಜ ಎರಡೋ ನಾಲ್ಕೋ. ಬ್ಲೂಬೆರಿಯಲ್ಲಿ ಹತ್ತಾರು ಇದ್ದರೂ ಹಲ್ಲಿಗೆ ಸಿಗದಷ್ಟು ಸಣ್ಣವು. ಬ್ಲೂಬೆರಿಯ ನೆತ್ತಿಯ ಮೇಲೆ ಐದು ಮೂಲೆಯ ಪುಟ್ಟ ಕಿರೀಟವೊಂದು ಇರುತ್ತದೆ. ಅದು ಹೂವಿನ ಪುಷ್ಪಪಾತ್ರೆ ಉದುರದೆ ಉಳಿದ ಗುರುತು. ದ್ರಾಕ್ಷಿಗಾಗಲಿ ಹಿಪ್ಪುನೇರಳೆಗಾಗಲಿ ಅದಿಲ್ಲ.

ಹಿಪ್ಪುನೇರಳೆ ಎಂಬ ಹೆಸರಿನಲ್ಲೂ ನೇರಳೆ ಸೇರಿಕೊಂಡಿದೆ. ಬಣ್ಣದ ಸಾಮ್ಯವೊಂದೇ ಅದಕ್ಕೆ ಕಾರಣವಿದ್ದೀತು. ಕುಲದಿಂದ ಅದು ಆಲ, ಅತ್ತಿ, ಹಲಸಿನ ಬಳಗದ್ದು. ಹಲಸಿನಂತೆಯೇ ಅದು ಒಂದು ಹಣ್ಣಲ್ಲ. ಒಂದು ದಿಂಡಿನ ಮೇಲಿನ ಹಲವಾರು ಹೂಗಳು ಒಂದೊಂದೂ ರಸದ ಗುಳ್ಳೆಯಾಗಿ ಕೂಡಿಕೊಂಡ ಗೊಂಚಲು. ಬೆರಳುಗಳ ನಡುವೆ ಹಿಡಿದರೆ ಒಡೆದು ಅಂಗಿಯ ಮೇಲೆಲ್ಲ ಕಲೆ. ಬೇಲಿಯ ಬದಿಯಲ್ಲಿ ತಾನೇ ತಾನಾಗಿ ಹುಟ್ಟುವ ಗಣಿಕೆ ಇನ್ನೊಂದು ಬಗೆ. ಬದನೆ, ಟೊಮೆಟೊ ಬಳಗದ ಈ ಗಿಡದ ಸೊಪ್ಪು ಸಾರಿಗೆ, ಪೂರ್ತಿ ಕಪ್ಪಾದ ಹಣ್ಣು ಮಕ್ಕಳ ಬಾಯಿಗೆ. ಹಸಿರು ಕಾಯಿ ಮಾತ್ರ ವಿಷ. ಇದೇ ಜಾತಿಯ ಒಂದು ಗಿಡವನ್ನು ಅಮೆರಿಕದ ಹೆಸರಾಂತ ತಳಿಗಾರ ಲೂಥರ್ ಬರ್‌ಬ್ಯಾಂಕ್ ಹೊಸ ಸೃಷ್ಟಿಯೆಂದು ಹೇಳಿಕೊಂಡರು. 1909ರಲ್ಲಿ ಅದು ‘ವಂಡರ್‌ಬೆರಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೂ ಬಂತು. ಅದು ಬರೀ ಕಾಡು ಗಣಿಕೆಯಲ್ಲವೇ ಎಂದು ಅಲ್ಲಿಯ ಪತ್ರಿಕೆಗಳಲ್ಲಿ ದೊಡ್ಡ ಜಗಳವೇ ನಡೆಯಿತು. ನಮ್ಮ ಹಿತ್ತಲಿನ ಗಣಿಕೆಗೆ ಅಂಥ ಬಡಿವಾರ ಯಾವತ್ತೂ ಬರಲಿಲ್ಲ.

ಹಿಪ್ಪುನೇರಳೆಗೆ ಬಂದ ಭಾಗ್ಯ ಹಣ್ಣಿನಿಂದ ಬಂದದ್ದಲ್ಲ, ಸೊಪ್ಪಿನಿಂದ. 1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಬಂಗಾಳಕ್ಕೆ ಆಳುಗಳನ್ನು ಕಳಿಸಿ ರೇಷ್ಮೆ ಹುಳು ತರಿಸಿದ. ಅಲ್ಲಿಂದ ಮುಂದೆ ಮೈಸೂರು ಸೀಮೆಯ ಕೆಂಪು ನೆಲಕ್ಕೆ ರೇಷ್ಮೆ ಒಗ್ಗಿಕೊಂಡಿತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನ ಬಸವನಗುಡಿಯ ಬಳಿ ಜಪಾನಿ ಕ್ರಮದ ರೇಷ್ಮೆ ಫಾರಂ ಶುರುಮಾಡಿದರು. ಆ ಬಡಾವಣೆಗೆ ಇವತ್ತಿಗೂ ಟಾಟಾ ಸಿಲ್ಕ್ ಫಾರಂ ಎಂದೇ ಹೆಸರು. ನಂದಗುಡಿಯ ಸುತ್ತಲಿನ ವಿಜಯಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಕಡೆ ‘ಸೊಪ್ಪು’ ಎಂದರೆ ಮೊದಲು ನೆನಪಾಗುವುದು ಅಡುಗೆಯ ಸೊಪ್ಪಲ್ಲ, ಹುಳುವಿನ ಸೊಪ್ಪು. ಹಿಪ್ಪುನೇರಳೆಯಲ್ಲಿ ಮೈಸೂರು ಸ್ಥಳೀಯ ತಳಿ ಹೋಗಿ ಕಣ್ವ-2 ಬಂತು. 1997ರಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ಬಂದ ಮೇಲೆ ತೋಟಗಳ ಮುಖವೇ ಬದಲಾಯಿತು. ವರ್ಷಕ್ಕೆ ಹಲವು ಸಲ ಬುಡಕ್ಕೆ ಕತ್ತರಿಸುವ ಗಿಡದಲ್ಲಿ ಹಣ್ಣು ಮಾಗುವುದಕ್ಕೆ ಪುರುಸೊತ್ತಾದರೂ ಎಲ್ಲಿ? ಕತ್ತಿ ಮುಟ್ಟದೆ ಬಿಟ್ಟ ಬದುವಿನ ಕೊಂಬೆಯಲ್ಲಿ ಮಾತ್ರ ಮಕ್ಕಳಿಗೆ ಹಣ್ಣು. ರೇಷ್ಮೆ ಮನೆಯ ಮಾತಿನಲ್ಲಿ ‘ಹಣ್ಣಾಯಿತು’ ಎನ್ನುವುದು ಹುಳುವಿಗೆ. ನಾಲ್ಕು ಜ್ವರ ಕಳೆದು, ಮೈ ಹಳದಿಗಟ್ಟಿ, ಚಂದ್ರಿಕೆಗೆ ಏರಿಸಲು ಸಿದ್ಧವಾದ ಹುಳು ‘ಹಣ್ಣು ಹುಳು’.

ಹಣ್ಣನ್ನೇ ನೆಚ್ಚಿ ಮಾರುಕಟ್ಟೆಗೆ ಹೋದದ್ದು ದ್ರಾಕ್ಷಿ.

ರಾಷ್ಟ್ರೀಯ ತೋಟಗಾರಿಕಾ ಮಂಡಳಿಯ ಕೈಪಿಡಿಗಳು ‘ಬೆಂಗಳೂರು ಬ್ಲೂ’ ತಳಿಯ ಮುಂದೆ ಇಸಾಬೆಲ್ಲಾ ಎಂಬ ಪರ್ಯಾಯ ಹೆಸರನ್ನು ಕೊಡುತ್ತವೆ. ಆ ಹೆಸರಿನ ಹೆಂಗಸು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಇಸಾಬೆಲ್ಲಾ ಗಿಬ್ಸ್. ಆಕೆಯ ಮನೆಯ ತೋಟದ ಬಳ್ಳಿಯನ್ನು ಲಾಂಗ್ ಐಲೆಂಡಿನ ಫ್ಲಶಿಂಗ್‌ನಲ್ಲಿ ನರ್ಸರಿ ನಡೆಸುತ್ತಿದ್ದ ವಿಲಿಯಂ ಪ್ರಿನ್ಸ್ 1816ರಲ್ಲಿ ಪಡೆದು, ಅದಕ್ಕೆ ಆಕೆಯ ಹೆಸರನ್ನೇ ಇಟ್ಟ. ಅದು ಯುರೋಪಿನ ವೈನ್ ದ್ರಾಕ್ಷಿಯೂ ಅಮೆರಿಕದ ಕಾಡು ದ್ರಾಕ್ಷಿಯೂ ಬೆರೆತ ಬಳ್ಳಿ. ಕಾಡಿನ ಕಡೆಯಿಂದ ಅದಕ್ಕೆ ಎರಡು ಗುಣ ಬಂದಿವೆ. ಬಾಯಿಗೆ ಹಾಕಿ ಒತ್ತಿದರೆ ತಿರುಳು ಪುಳಕ್ಕೆಂದು ಜಾರಿ ಸಿಪ್ಪೆ ಬೇರೆಯಾಗುತ್ತದೆ. ಮತ್ತೊಂದು ಅದರ ಗಾಢವಾದ ಘಮ. ಮೀಥೈಲ್ ಆಂಥ್ರನಿಲೇಟ್ ಎಂಬ ಸಂಯುಕ್ತ ಆ ಘಮದ ಮೂಲ. ದ್ರಾಕ್ಷಿ ಸ್ವಾದದ ಪೆಪ್ಪರಮೆಂಟು, ಶರಬತ್ತುಗಳಿಗೆ ಹಾಕುವುದೂ ಅದನ್ನೇ. ಯುರೋಪಿನ ವೈನ್ ರಸಿಕರು ಈ ವಾಸನೆಗೆ ಮೂಗು ಮುರಿಯುತ್ತಾರೆ. ಬೆಂಗಳೂರಿನ ಸುತ್ತ ಹುಟ್ಟಿ ಬೆಳೆದವರಿಗೆ ಅದೇ ದ್ರಾಕ್ಷಿಯ ವಾಸನೆ. ಉಳಿದ ದ್ರಾಕ್ಷಿಗಳೇ ಸಪ್ಪೆ.

ಇಸಾಬೆಲ್ಲಾ ಅಟ್ಲಾಂಟಿಕ್ ದಾಟಿ ಯುರೋಪಿಗೂ ಹೋಯಿತು. ಅಮೆರಿಕದ ಬಳ್ಳಿಗಳ ಜತೆಗೆ ಅಲ್ಲಿಯ ರೋಗಗಳೂ ಹೋದವು. 1840ರ ದಶಕದಲ್ಲಿ ಬೂದಿ ರೋಗ, 1860ರ ದಶಕದಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಹೇನು, ಅದರ ಹಿಂದೆಯೇ ಬೂಜು ತುಪ್ಪಟ ರೋಗ. ಈ ಬೂಜಿಗೆ ಮದ್ದಾಗಿ 1885ರ ಹೊತ್ತಿಗೆ ಬೋರ್ಡೊ ಸೀಮೆಯಲ್ಲಿ ಮೈಲುತುತ್ತ, ಸುಣ್ಣದ ಮಿಶ್ರಣ ರೂಪುಗೊಂಡಿತು. ಹೊಸಕೋಟೆಯ ತೋಟಗಾರ ಇಂದು ಡ್ರಮ್ಮಿನಲ್ಲಿ ಕಲಸಿ ಸಿಂಪಡಿಸುವ ನೀಲಿ ನೀರಿನ ಮೂಲ ಅದೇ. ಫ್ರಾನ್ಸ್ 1934ರಲ್ಲಿ ಕಾನೂನು ತಂದು ಇಸಾಬೆಲ್ಲಾ ಸೇರಿದಂತೆ ಆರು ಅಮೆರಿಕನ್ ಮೂಲದ ತಳಿಗಳ ವೈನನ್ನು ನಿಷೇಧಿಸಿತು. ತನ್ನನ್ನು ಹೊರದಬ್ಬಿದ ನಾಡನ್ನು ಬಿಟ್ಟು ಈ ಬಳ್ಳಿ ಬ್ರೆಜಿಲ್‌ನಲ್ಲಿ, ಜಾರ್ಜಿಯಾದಲ್ಲಿ, ಬೆಂಗಳೂರಿನಲ್ಲಿ ನೆಮ್ಮದಿಯಾಗಿ ಹಬ್ಬಿತು.

ಬೆಂಗಳೂರು ಸೀಮೆಯಲ್ಲಿ ಇದಕ್ಕೆ ಸುಮಾರು ಒಂದೂವರೆ ಶತಮಾನದ ಬಾಳ್ವೆ. ಇಲ್ಲಿಗೆ ಒಗ್ಗಿದ ಬಗೆ ಬೆರಗು ಹುಟ್ಟಿಸುವಂಥದ್ದು. ತಣ್ಣನೆಯ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಚಳಿಗಾಲವಿಡೀ ಮಲಗುತ್ತದೆ, ವಸಂತದಲ್ಲಿ ಚಿಗುರುತ್ತದೆ, ವರ್ಷಕ್ಕೆ ಒಂದೇ ಬೆಳೆ. 13 ಡಿಗ್ರಿ ಅಕ್ಷಾಂಶದ ಈ ಎತ್ತರದ ಬಯಲಿನಲ್ಲಿ ಬಳ್ಳಿ ಮಲಗುವುದೇ ಇಲ್ಲ. ಚಳಿಗಾಲ ಮಾಡಬೇಕಾದ ಕೆಲಸವನ್ನು ಇಲ್ಲಿ ಕತ್ತರಿ ಮಾಡುತ್ತದೆ. ರೈತ ಬಳ್ಳಿ ಸವರಿದ ದಿನವೇ ಬಳ್ಳಿಗೆ ಹೊಸ ವರ್ಷ. ಕೆಲವೇ ದಿನಗಳಲ್ಲಿ ಕಣ್ಣೊಡೆದು, ಚಿಗುರಿನ ಜತೆ ಹೂಗೊಂಚಲು ಬಂದು, ನಾಲ್ಕೈದು ತಿಂಗಳಲ್ಲಿ ಕೊಯ್ಲು. ಹೀಗೆ ವರ್ಷಕ್ಕೆ ಎರಡು ಬೆಳೆ. ಚಿಬ್ಬು ರೋಗ, ತುಕ್ಕು ರೋಗಗಳನ್ನು ತಡೆದುಕೊಳ್ಳುವ ಶಕ್ತಿಯೂ ಇದೆ. ಥಾಮ್ಸನ್ ಸೀಡ್‌ಲೆಸ್‌ನಂಥ ಬೀಜವಿಲ್ಲದ ಬಿಳಿ ದ್ರಾಕ್ಷಿ ಉತ್ತರ ಕರ್ನಾಟಕದ ಒಣ ಹವೆಯಲ್ಲಿ ರಾಜನಾದರೂ ಇತ್ತ ಅಷ್ಟಾಗಿ ಒಗ್ಗಲಿಲ್ಲ.

ಹಣ್ಣು ಬೆಳೆಯುವುದು ಒಂದು ಕಷ್ಟ, ಮಾರುವುದು ಇನ್ನೊಂದು. ದ್ರಾಕ್ಷಿ ರಾಗಿಯಂತೆ ಕಣಜದಲ್ಲಿ ಕಾಯುವುದಿಲ್ಲ. ಕೊಯ್ದ ಎರಡು ಮೂರು ದಿನದಲ್ಲಿ ಯಾರ ಬಾಯಿಗಾದರೂ ಹೋಗಲೇಬೇಕು. ದಲ್ಲಾಳಿ ಹೇಳಿದ್ದೇ ದರ ಎಂಬ ಆ ಕಾಲದಲ್ಲಿ, ತೋಟಗಾರಿಕೆಯ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಮಾರಾಟ ಮತ್ತು ಸಂಸ್ಕರಣಾ ಸಂಘ ಹುಟ್ಟಿತು. ಮುಂದೆ ಬೇರೆ ಹಣ್ಣು, ತರಕಾರಿಗಳೂ ಸೇರಿಕೊಂಡು ಅದು ಬೆಳೆಯಿತು, ಹೆಸರೂ ಬದಲಾಯಿತು. ಇವತ್ತು ಬೆಂಗಳೂರಿನ ಬೀದಿಬೀದಿಯಲ್ಲಿ ಕಾಣುವ ಹಾಪ್‌ಕಾಮ್ಸ್ ಅದೇ. ಬೀನ್ಸು, ಕ್ಯಾರೆಟ್ಟು ಕೊಳ್ಳಲು ಆ ಹಸಿರು ಮಳಿಗೆಯ ಮುಂದೆ ನಿಲ್ಲುವ ಎಷ್ಟೋ ಜನರಿಗೆ ಅದರ ಬುಡದಲ್ಲಿ ದ್ರಾಕ್ಷಿ ಬಳ್ಳಿಯಿದೆ ಎಂಬುದು ತಿಳಿದಿಲ್ಲ. ಬೇಸಿಗೆ ಬಂತೆಂದರೆ ಹಾಪ್‌ಕಾಮ್ಸ್ ನಡೆಸುವ ದ್ರಾಕ್ಷಿ ಮತ್ತು ಕಲ್ಲಂಗಡಿ ಮೇಳದಲ್ಲಿ ಮಾತ್ರ ಹಳೆಯ ನಂಟು ನೆನಪಾಗುತ್ತದೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರಲ್ಲಿ ಆರಂಭವಾದ ಮೇಲೆ ಈ ಒರಟು ಹಣ್ಣಿಗೆ ನಯ ತುಂಬುವ ಪ್ರಯತ್ನಗಳಾದವು. ಬೆಂಗಳೂರು ಬ್ಲೂವನ್ನು ಬ್ಲ್ಯಾಕ್ ಚಂಪಾ ಜತೆ ಕೂಡಿಸಿ ಅರ್ಕಾ ಶ್ಯಾಮ್, ಹೈದರಾಬಾದಿನ ಅನಾಬ್-ಎ-ಶಾಹಿ ಜತೆ ಕೂಡಿಸಿ ಅರ್ಕಾ ಹಂಸ್ ತಳಿಗಳನ್ನು ತಂದರು. ರುಚಿ ನೋಡಿದವರು ಮೆಚ್ಚಿದರೂ ರೈತರ ಚಪ್ಪರದಿಂದ ಮೂಲ ತಳಿಯನ್ನು ಇಳಿಸಲು ಅವುಗಳಿಂದಾಗಲಿಲ್ಲ. ದೊಡ್ಡಬಳ್ಳಾಪುರದ ಕಡೆ, ನಂದಿಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಫ್ರೆಂಚ್ ತಳಿಗಳನ್ನು ನೆಟ್ಟು ಇನ್ನೊಂದು ದಾರಿ ಹಿಡಿಯಿತು. ಬೆಂಗಳೂರು ಬ್ಲೂ ತನ್ನ ಪಾಡಿಗೆ ತಾನು ಜ್ಯೂಸ್ ಅಂಗಡಿಗೆ, ಜಾಮಿಗೆ, ಸಿಹಿ ಪೋರ್ಟ್ ವೈನಿಗೆ, ಕ್ರಿಸ್‌ಮಸ್‌ಗೆಂದು ಮನೆಯ ಭರಣಿಯಲ್ಲಿ ಹುದುಗಿಡುವ ವೈನಿಗೆ ಹೋಗುತ್ತಲೇ ಇತ್ತು. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅಮೆರಿಕದಲ್ಲಿ ಹೆಸರು ಪಡೆದ ಬಳ್ಳಿ ಕಾನೂನಿನ ಕಣ್ಣಲ್ಲೂ ಬೆಂಗಳೂರಿನದಾಯಿತು. ಒಂದೂವರೆ ಶತಮಾನ ಅದನ್ನು ಸಾಕಿದ ರೈತರಿಗೆ ಆ ಹಕ್ಕು ಸಲ್ಲಬೇಕಾದದ್ದೇ.

ಇಸಾಬೆಲ್ಲಾಗೆ ಹೆಸರಿಟ್ಟ ಸರಿಯಾಗಿ ನೂರು ವರ್ಷದ ಮೇಲೆ, 1916ರಲ್ಲಿ, ಫ್ಲಶಿಂಗ್‌ನ ದಕ್ಷಿಣಕ್ಕೆ ನೂರು ಮೈಲಿಯೊಳಗಿನ ನ್ಯೂಜೆರ್ಸಿಯ ವೈಟ್ಸ್‌ಬಾಗ್‌ನಿಂದ ತೋಟದಲ್ಲಿ ಬೆಳೆದ ಬ್ಲೂಬೆರಿ ಮೊದಲ ಸಲ ಮಾರುಕಟ್ಟೆಗೆ ಹೋಯಿತು. ಅಲ್ಲಿಯವರೆಗೆ ಅದು ಕಾಡಿನಿಂದ ಆಯ್ದು ತರುವ ಹಣ್ಣು. ಹೊಲಕ್ಕೆ ತಂದು ಗೊಬ್ಬರ ಹಾಕಿ ಆರೈಕೆ ಮಾಡಿದಷ್ಟೂ ಸಾಯುತ್ತಿತ್ತು. ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಈ ಒಗಟನ್ನು ಬಿಡಿಸಿ 1910ರಲ್ಲಿ ಪ್ರಕಟಿಸಿದರು: ಈ ಗಿಡಕ್ಕೆ ಬೇಕಾದ್ದು ‘ಒಳ್ಳೆಯ’ ಮಣ್ಣಲ್ಲ, ಬೇರೆ ಬೆಳೆಗಳು ಬಾಳದ ಹುಳಿ ಮಣ್ಣು. ಅದನ್ನು ಓದಿದ ಎಲಿಜಬೆತ್ ವೈಟ್ 1911ರಲ್ಲಿ ತಮ್ಮ ಮನೆತನದ ಕ್ರ್ಯಾನ್‌ಬೆರಿ ತೋಟದ ನೆಲವನ್ನು ಪ್ರಯೋಗಕ್ಕೆ ಬಿಟ್ಟುಕೊಟ್ಟರು. ಕಾಡಿನಲ್ಲಿ ಹಣ್ಣು ಆಯುವ ಜನರ ಕೈಗೆ ತೂತು ಕೊರೆದ ಅಳತೆಪಟ್ಟಿ ಕೊಟ್ಟು, 16 ಮಿಲಿಮೀಟರ್ ದಪ್ಪದ ಹಣ್ಣು ಬಿಡುವ ಪೊದೆ ತೋರಿಸಿದವರಿಗೆ ಹಣ ಕೊಟ್ಟರು. ಪೊದೆಗೆ ಪತ್ತೆ ಹಚ್ಚಿದವನ ಹೆಸರು. ರೂಬ್ ಲೀಕ್ ಎಂಬಾತ ತೋರಿಸಿದ ಪೊದೆ ‘ರೂಬೆಲ್’ ಆಯಿತು. ಇವತ್ತಿಗೂ ಅದನ್ನು ಬೆಳೆಯುತ್ತಾರೆ. ಕಾಡು ಬಲ್ಲ ಬಡ ಜನರ ಕಣ್ಣನ್ನು ನಂಬಿ ಕಟ್ಟಿದ ಬೆಳೆ ಇದು ಎಂಬುದು ಅದರ ಚರಿತ್ರೆಯ ಅತ್ಯಂತ ಚೆಂದದ ಭಾಗ.

ಅಲ್ಲಿಂದ ತಳಿಗಳು ಕವಲೊಡೆದವು. ಉತ್ತರದ ಚಳಿನಾಡಿಗೆ ಎತ್ತರ ಪೊದೆಯ ಬ್ಲೂಬೆರಿ. 1952ರಲ್ಲಿ ಬಿಡುಗಡೆಯಾದ ಬ್ಲೂಕ್ರಾಪ್ ದಶಕಗಳ ಕಾಲ ಅದರ ಮುಂದಾಳು. ಮೇನ್ ರಾಜ್ಯ, ಕೆನಡಾಗಳ ಬಂಡೆನೆಲದಲ್ಲಿ ಮೊಣಕಾಲೆತ್ತರಕ್ಕಿಂತ ಮೇಲೇಳದ ಕಾಡು ಬ್ಲೂಬೆರಿ, ಹಣ್ಣು ಸಣ್ಣದು, ರುಚಿ ಗಾಢ. ಅಮೆರಿಕದ ದಕ್ಷಿಣಕ್ಕೆ ಮೊಲದ ಕಣ್ಣಿನ ಹೆಸರು ಹೊತ್ತ ರ್‍ಯಾಬಿಟ್‌ಐ. ಯುರೋಪಿನ ಬಿಲ್‌ಬೆರಿಯನ್ನು ಇವುಗಳ ಜತೆ ಕಲಸಿಬಿಡುವುದುಂಟು. ಕೊಯ್ದು ನೋಡಿದರೆ ಗುಟ್ಟು ರಟ್ಟು: ಬ್ಲೂಬೆರಿಯ ತಿರುಳು ತಿಳಿ ಹಸಿರು, ಬಿಲ್‌ಬೆರಿಯದು ತುಟಿ ಬೆರಳೆಲ್ಲ ಬಣ್ಣವಾಗುವಷ್ಟು ಕಡುಗೆಂಪು.

ಇದೇ ಕುಲದ ಗಿಡಗಳು ನಂದಗುಡಿಯಿಂದ ಬಹು ದೂರದಲ್ಲೇನೂ ಇಲ್ಲ. ಬಡಗರ ನಾಡಾದ ನೀಲಗಿರಿಯ ಶೋಲಾ ಕಾಡುಗಳಲ್ಲಿ ವ್ಯಾಕ್ಸಿನಿಯಂ ಜಾತಿಯ ಎರಡು ಗಿಡಗಳು ತಾವಾಗಿ ಬೆಳೆಯುತ್ತವೆ. ಒಂದರ ಸಸ್ಯಶಾಸ್ತ್ರೀಯ ಹೆಸರಿನಲ್ಲಿ ನೀಲಗಿರಿಯೇ ಇದೆ, ಇನ್ನೊಂದರಲ್ಲಿ 1816ರಿಂದ ಕೆಲವು ವರ್ಷ ಭಾರತದಲ್ಲಿ ಸಸ್ಯ ಹುಡುಕುತ್ತಿದ್ದ ಫ್ರೆಂಚ್ ಸಸ್ಯವಿಜ್ಞಾನಿ ಲೆಶೆನೋ ಅವರ ಹೆಸರು. ಬೆಟ್ಟದ ತಂಪು, ಕೊಳೆತೆಲೆಯ ಹುಳಿ ಮಣ್ಣು ಬಿಟ್ಟು ಅವು ಕೆಳಗಿಳಿಯಲಿಲ್ಲ.

ಕೋವಿಲ್ ಕಂಡುಕೊಂಡ ಇನ್ನೊಂದು ಸತ್ಯ ಚಳಿಯದ್ದು. ಉತ್ತರದ ಬ್ಲೂಬೆರಿಗೆ ಸರಿಯಾಗಿ ಹೂ ಬಿಡಲು 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಎಂಟುನೂರು, ಸಾವಿರ ಗಂಟೆಗಳಷ್ಟು ಬೇಕು. ಬೆಂಗಳೂರಿನ ಹವಾಮಾನ ದಾಖಲೆಯಲ್ಲಿ ಇದುವರೆಗಿನ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಅಂದರೆ ನಗರದ ದಾಖಲೆಯ ಅತ್ಯಂತ ತಣ್ಣನೆಯ ರಾತ್ರಿಯೂ ಆ ಗಿಡದ ಲೆಕ್ಕಕ್ಕೆ ಒಂದು ಗಂಟೆಯಷ್ಟನ್ನೂ ಸೇರಿಸುತ್ತಿರಲಿಲ್ಲ. ಮಣ್ಣಿನ ಮಾತು ಬೇರೆ. ಬ್ಲೂಬೆರಿಗೆ ಬೇಕಾದ ಪಿಎಚ್ 4.5ರಿಂದ 5.5. ಹಿಪ್ಪುನೇರಳೆ ಬಯಸುವುದು 6.5ರ ಆಸುಪಾಸು. ಪಿಎಚ್‌ನಲ್ಲಿ ಒಂದು ಅಂಕಿ ಎಂದರೆ ಹುಳಿಯಲ್ಲಿ ಹತ್ತು ಪಟ್ಟು ಅಂತರ. ಸೊಪ್ಪು ಹುಲುಸಾಗಿ ಬರುವ ಹೊಲದಲ್ಲಿ ಬ್ಲೂಬೆರಿಯ ಬೇರಿಗೆ ಕಬ್ಬಿಣದ ಅಂಶ ದಕ್ಕದೆ ಎಲೆ ಹಳದಿಗೆ ತಿರುಗುತ್ತದೆ. ಸುಣ್ಣದಂಶ ತುಂಬಿದ ಆಳದ ಕೊಳವೆಬಾವಿ ನೀರು ಹಾಯಿಸಿದರಂತೂ ಇನ್ನಷ್ಟು ಬೇಗ.

ಚಳಿಯ ಅಡ್ಡಿಯನ್ನು ದಾಟುವ ದಾರಿ ತೆರೆದದ್ದು ಫ್ಲಾರಿಡಾದ ಕಾಡಿನ ನಿತ್ಯಹರಿದ್ವರ್ಣ ಬ್ಲೂಬೆರಿ. ತಳಿಗಾರ ರಾಲ್ಫ್ ಶಾರ್ಪ್ ಅದನ್ನು ಉತ್ತರದ ಗಿಡದೊಂದಿಗೆ ಕೂಡಿಸಿ ತಂದ ತಳಿಗಳಿಂದ ಹೊಸ ಬಳಗವೇ ಹುಟ್ಟಿತು. 1998ರಲ್ಲಿ ಮಿಸಿಸಿಪ್ಪಿಯಿಂದ ಬಂದ ಬಿಲಾಕ್ಸಿಗೆ ಚಳಿಯ ಹಂಗೇ ಇಲ್ಲವೆನ್ನಬಹುದು. ಅದನ್ನು ಹಿಡಿದು ಪೆರು ದೇಶ ಕರಾವಳಿಯ ಮರಳುಗಾಡಿನಲ್ಲಿ ಹನಿ ನೀರಾವರಿಯಿಂದ ಬೆಳೆದು, ಹತ್ತು ಹನ್ನೆರಡು ವರ್ಷದಲ್ಲಿ ಜಗತ್ತಿನ ಅತಿ ದೊಡ್ಡ ರಫ್ತುದಾರನಾಯಿತು. ಭಾರತದಲ್ಲೂ ಈಗ ಕುಂಡದಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ನೀರಿಗೆ ಆಮ್ಲ ಬೆರೆಸಿ, ನೆರಳುಪರದೆಯಡಿ ಬ್ಲೂಬೆರಿ ಬೆಳೆಯುವವರು ಹುಟ್ಟಿಕೊಂಡಿದ್ದಾರೆ. ಹಣ್ಣು ಬರುತ್ತದೆ, ಆದರೆ ಅದರ ಬೇರಿಗೂ ನೆಲಕ್ಕೂ ನಂಟಿಲ್ಲ. ದುಡ್ಡಿರುವವರಿಗಷ್ಟೇ ಕೈಗೆಟುಕುವ ಕೃಷಿ ಅದು. ಇಸಾಬೆಲ್ಲಾ ಕೇಳಿದ್ದು ನಾಲ್ಕು ಕಲ್ಲು, ತಂತಿ, ಒಂದು ಬಾವಿ.

ಆ ಬಾವಿಯೇ ಬತ್ತಿದ್ದು ಈ ಸೀಮೆಯ ದೊಡ್ಡ ಸಂಕಟ. ತೆರೆದ ಬಾವಿ ಹೋಗಿ ಕೊಳವೆಬಾವಿ ಬಂತು, ಅದು ಸಾವಿರ ಅಡಿ ದಾಟಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೆ ನೀಲಗಿರಿ ಮರ ನುಗ್ಗಿತು. ಅದನ್ನು ಹೊಸದಾಗಿ ನೆಡಬಾರದೆಂದು ಸರ್ಕಾರ ಹೇಳಲು 2017 ಬರಬೇಕಾಯಿತು. ಇತ್ತ 2006ರಲ್ಲಿ ಬಿಡದಿ, ರಾಮನಗರ, ಸೋಲೂರು, ಸಾತನೂರುಗಳ ಜತೆ ನಂದಗುಡಿಯಲ್ಲೂ ಉಪನಗರ ಕಟ್ಟುವ ಯೋಜನೆ ಬಂತು. ವಿಶೇಷ ಆರ್ಥಿಕ ವಲಯದ ಮಾತೂ ಬಂತು. ರೈತರು ಬೀದಿಗಿಳಿದರು, ವಲಯ ಬರಲಿಲ್ಲ. ಉಪನಗರದ ಪ್ರಸ್ತಾಪ ಮಾತ್ರ ಮಲಗಿದಂತೆ ಮಾಡಿ ಮತ್ತೆ ಮತ್ತೆ ಏಳುತ್ತಿದೆ. ಟೊಮೆಟೊ ಹಾಕುವವನಿಗೆ ಮೂರು ತಿಂಗಳ ಭರವಸೆ ಸಾಕು. ಕಲ್ಲುಕೂಚ ನೆಡುವವನಿಗೆ ಇಪ್ಪತ್ತು ವರ್ಷದ ಧೈರ್ಯ ಬೇಕು.

ಹಾಗಿದ್ದೂ ಬಳ್ಳಿ ಸವರುವ ದಿನ ತೋಟದಲ್ಲಿ ಹಳೆಯ ಕ್ರಮವೇ ನಡೆಯುತ್ತದೆ. ಬಿದ್ದ ಕಡ್ಡಿಗಳಲ್ಲಿ ಪೆನ್ಸಿಲ್ ದಪ್ಪದವನ್ನು ಆರಿಸಿ, ಮೂರು ನಾಲ್ಕು ಕಣ್ಣು ಬಿಟ್ಟು, ಬುಡದ ಕಡೆ ಗೊತ್ತಾಗುವಂತೆ ಕತ್ತರಿಸುತ್ತಾರೆ. ಬೀಜ ಹಾಕಿದರೆ ತಳಿ ಕೆಡುತ್ತದೆ. ಬ್ರೂಕ್ಲಿನ್‌ನ ಹಿತ್ತಲಿನಿಂದ ಹೊರಟ ಬಳ್ಳಿ ಇಲ್ಲಿಯವರೆಗೆ ನಡೆದದ್ದೂ ಕಡ್ಡಿಯಿಂದ ಕಡ್ಡಿಗೇ. ಆರಿಸಿದ ಕಡ್ಡಿಗಳನ್ನು ಕಟ್ಟು ಕಟ್ಟಿ, ಚಪ್ಪರದ ನೆರಳಿನಲ್ಲಿ ಒದ್ದೆ ಗೋಣಿಚೀಲ ಹೊದಿಸಿ, ಬೇರೊಡೆಯಲೆಂದು ಇಡುತ್ತಾರೆ.